ಪ್ರಿಂಟರಿಗೊಂದು ಖಾಯಂ ವಿಳಾಸ

ನಮ್ಮ ಊರಿನಲ್ಲಿ ಹೆಣ್ಣು ನೋಡುವ ದಿನ ಎರಡೂ ಕಡೆಯವರು ಮೊದಲು ಕೇಳುವುದು ಹುಡುಗನ ನೌಕರಿಯ ಮಾತಲ್ಲ, ಹುಡುಗಿಯ ಅಡುಗೆಯ ಮಾತೂ ಅಲ್ಲ. ‘ಮನೆಯಲ್ಲಿ ಓ ಅನ್ನುವವರು ಯಾರಿದ್ದಾರೆ?’ ಎಂದು ಕೇಳುತ್ತಾರೆ. ಅತ್ತೆಯಾಗಲಿ, ಬಾಣಂತಿಯಾಗಲಿ, ಕಣ್ಣು ಕಾಣದ ಅಜ್ಜನಾಗಲಿ, ಮಧ್ಯಾಹ್ನ ಮೂರು ಗಂಟೆಗೆ ಮನೆಯೊಳಗೆ ಒಬ್ಬರು ಇರಲೇಬೇಕು. ಎರಡಕ್ಕೆ ಮನೆಗಳು ಜಾಗ ಬದಲಿಸುತ್ತವೆ. ಮೂರಕ್ಕೆ ನಮ್ಮ ಕಚೇರಿಯಿಂದ ಕೂಗು ಹೋಗುತ್ತದೆ, ಮನೆಯೊಳಗೆ ಗಂಟೆ ಬಾರಿಸುತ್ತದೆ. ಒಳಗಿದ್ದವರು ಬಾಗಿಲ ಪಕ್ಕದ ಪೆಟ್ಟಿಗೆಯ ಗುಂಡಿ ಒತ್ತಿದರೆ ಕಚೇರಿಯ ಕಂಪ್ಯೂಟರಿನಲ್ಲಿ ಆ ಮನೆಯ ನಂಬರಿನ ಎದುರು ‘ಓ’ ಎಂದು ಮೂಡಿ, ಮನೆ ಈಗ ಯಾವ ಓಣಿಯಲ್ಲಿ ನಿಂತಿದೆ ಎಂದು ಕಾಣುತ್ತದೆ. ನಾಲ್ಕಕ್ಕೆ ಪಟ್ಟಿ ಹೊರಬೀಳುತ್ತದೆ. ಐದಕ್ಕೆ ಕೂಲಿಯವರು, ಮಾಸ್ತರರು, ಶಾಲೆಯ ಮಕ್ಕಳು ಎಲ್ಲರೂ ಆ ಪಟ್ಟಿ ನೋಡಿಕೊಂಡು ತಂತಮ್ಮ ಮನೆ ಸೇರುತ್ತಾರೆ.

ಹೀಗಾಗಿ ನಮ್ಮಲ್ಲಿ ನೆರೆಹೊರೆ ಎನ್ನುವುದು ಒಂದು ದಿನದ ಮಾತು. ಇವತ್ತು ಗೋಡೆಗೆ ಗೋಡೆ ತಾಗಿದವರು ನಾಳೆ ಕೆರೆಯ ಆಚೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ನಮ್ಮಲ್ಲಿ ನೆರೆಮನೆಯ ಜಗಳ ಮರುದಿನ ಎರಡು ಗಂಟೆಯ ತನಕ. ಕಡ ತಂದ ಸಕ್ಕರೆಯನ್ನು ಯಾರೂ ಹಿಂದಿರುಗಿಸುವುದಿಲ್ಲ, ಕೊಟ್ಟವರೂ ಕೇಳುವುದಿಲ್ಲ. ಹಾಲಿನವನು ಹಿಂದಿನ ಸಂಜೆಯ ಪಟ್ಟಿಯನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಬರುತ್ತಾನೆ. ಮನೆಗಳು ಇನ್ನೂರ ಐವತ್ತನಾಲ್ಕು, ಅವು ನಿಲ್ಲುವ ಜಾಗ ಇನ್ನೂರ ಐವತ್ತೈದು. ದಿನಾ ಎಲ್ಲೋ ಒಂದು ಜಾಗ ಖಾಲಿ ಉಳಿಯುತ್ತದೆ. ಅಲ್ಲಿ ಹುಡುಗರು ಚೆಂಡು ಆಡುತ್ತಾರೆ.

ನಾನು ಆ ಕಚೇರಿಯ ಕೂಗು ಗುಮಾಸ್ತ. ಹೆಸರು ರುದ್ರಪ್ಪ. ಕಂಪ್ಯೂಟರು ಬರುವ ಮೊದಲು ತಗಡಿನ ಕೊಳವೆ ಹಿಡಿದು ಓಣಿ ಓಣಿ ತಿರುಗಿ ಕೂಗಿದವನು. ಆಗಿನಿಂದ ಬಂದ ಒಂದು ಪದ್ಧತಿ ಈಗಲೂ ಇದೆ. ನಮ್ಮ ಊರಿನವರು ಮೊದಲ ಕೂಗಿಗೆ ಓ ಅನ್ನುವುದಿಲ್ಲ. ಮೊದಲ ಕೂಗು ಗಾಳೀದು, ಎರಡನೇದು ದೆವ್ವದ್ದು, ಮೂರನೇದು ಮನುಷ್ಯಾರದು ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಹಾಗಾಗಿ ಕಂಪ್ಯೂಟರಿಗೂ ಪ್ರತಿ ನಂಬರನ್ನು ಮೂರು ಸಲ ಕೂಗಲು ಕಲಿಸಿದ್ದೇವೆ. ಮೂರನೆಯದಕ್ಕೆ ಊರಿಗೆ ಊರೇ ಓ ಅನ್ನುತ್ತದೆ.

ಕಚೇರಿಯಲ್ಲಿ ನಾವು ಮೂವರು. ಮೇಲೆ ಹಂಚಿನಮನಿ ಸಾಹೇಬರು, ನಡುವೆ ನಾನು, ಕೆಳಗೆ ಸಾವಂತ್ರೆವ್ವ. ಕಸ ಹೊಡೆಯುವುದು, ಚಹಾ ತರುವುದು, ಪಟ್ಟಿಯನ್ನು ಊರಿನ ಒಂಬತ್ತು ಹಲಗೆಗಳಿಗೆ ಅಂಟಿಸಿ ಬರುವುದು ಅವಳ ಕೆಲಸ. ಎಲ್ಲರ ಮನೆ ಎಲ್ಲಿದೆ ಎಂದು ಊರಿಗೆ ತಿಳಿಸಿ ಕಡೆಗೆ ತನ್ನ ಮನೆ ಹುಡುಕಿಕೊಂಡು ಹೋಗುವವಳು. ಅವಳ ಗಂಡ ಚನ್ನಯ್ಯ ಊರಿನ ಒಂದೇ ಬಸ್ಸಿನ ಕಂಡಕ್ಟರ್ ಆಗಿದ್ದ. ‘ಹೋಲ್ಡಾನ್’ ಎಂದರೆ ಕೆರೆಯ ಆಚೆಗೆ ಕೇಳಿಸುತ್ತಿತ್ತು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿತ್ತು, ಮಾತೂ ಹೋಯಿತು. ಉಳಿದದ್ದು ಎಡಗೈ ಒಂದೇ. ಆ ಎಡಗೈಗೆ ಸಿಗುವ ಹಾಗೆ ಸಾವಂತ್ರೆವ್ವ ಮಂಚವನ್ನು ಬಾಗಿಲಿಗೆ ಒತ್ತಿ ಹಾಕಿ, ಪಕ್ಕದಲ್ಲಿ ಒಂದು ತಂಬಿಗೆ ನೀರು, ಹಾಲಿನಲ್ಲಿ ನೆನೆಸಿದ ರೊಟ್ಟಿ ಇಟ್ಟು ಕೆಲಸಕ್ಕೆ ಬರುತ್ತಿದ್ದಳು. ಅವಳ ಮನೆಯಲ್ಲಿ ಓ ಅನ್ನುವವನು ಅವನು. ಗುಂಡಿಯ ತನಕ ಕೈ ಒಯ್ಯಲು ಅವನಿಗೆ ಹೊತ್ತು ಹಿಡಿಯುತ್ತಿತ್ತು.

“ರುದ್ರಣ್ಣಾರ, ನಮ್ಮನಿಯವ್ರು ಸ್ವಲ್ಪ ತಡಾ ಮಾಡ್ತಾರ್ರೀ. ಮೂರನೇ ಕೂಗು ಆದಮ್ಯಾಲೆ ಒಂದೀಟು ಕಾಯ್ರಿ,” ಎಂದು ಅವಳು ಒಮ್ಮೆ ಹೇಳಿದ್ದಳು. ನಾನು ಎರಡು ವರ್ಷ ಕಾದಿದ್ದೇನೆ. ಇನ್ನೂರ ಹದಿನಾಲ್ಕರ ಎದುರು ಓ ಮೂಡುವ ತನಕ ಕೈ ಕಟ್ಟಿ ಕೂತಿರುತ್ತಿದ್ದೆ. ಇದನ್ನು ಇಲ್ಲಿ ಹೇಳುವುದು ನಾನು ಒಳ್ಳೆಯವನು ಎಂದು ತೋರಿಸಲಿಕ್ಕಲ್ಲ. ಮುಂದೆ ನಾನು ಮಾಡಿದ್ದನ್ನು ಓದಿದಾಗ ನನಗೆ ಆ ನಂಬರು ಗೊತ್ತಿರಲಿಲ್ಲ ಎಂದು ನೀವು ಅಂದುಕೊಳ್ಳಬಾರದು, ಅದಕ್ಕೆ.

ಹೊಸ ಪ್ರಿಂಟರು ಬಂದದ್ದು ಆ ಬೇಸಿಗೆಯಲ್ಲಿ. ಹಳೆಯದು ಕಂಪ್ಯೂಟರಿಗೆ ಹಗ್ಗದಲ್ಲಿ ಕಟ್ಟಿದ ಆಕಳಂತೆ ಪಕ್ಕದಲ್ಲೇ ಇತ್ತು, ಅದನ್ನು ಗುಜರಿಗೆ ಕೊಟ್ಟೆವು. ಹೊಸದು ನೆಟ್‌ವರ್ಕಿನದು. ಮೂಲೆಯಲ್ಲಿ ಒಂಟಿಯಾಗಿ ನಿಂತು, ಮನೆಗಳಿಗೆ ಕೂಗು ಒಯ್ಯುವ, ಗೋಡೆಯ ಮೇಲಿನ ವೈಫೈ ಪೆಟ್ಟಿಗೆಯಿಂದ ತನಗೊಂದು ನಂಬರು ಪಡೆದುಕೊಂಡು ಕೆಲಸ ಮಾಡುತ್ತಿತ್ತು. ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ಗುರುವಾರ ಪಟ್ಟಿ ಕಳಿಸಿದರೆ ಕಂಪ್ಯೂಟರು ‘ಪ್ರಿಂಟರ್ ಆಫ್‌ಲೈನ್’ ಎಂದಿತು. ಎದ್ದು ಹೋಗಿ ನೋಡಿದೆ. ಪ್ರಿಂಟರು ಅಲ್ಲೇ ಇದೆ, ಹಸಿರು ದೀಪ ಉರಿಯುತ್ತಿದೆ, ಹೊಟ್ಟೆ ತುಂಬ ಕಾಗದವಿದೆ. ಕಣ್ಣೆದುರಿಗೆ ಇರುವುದನ್ನು ಕಂಪ್ಯೂಟರು ಇಲ್ಲ ಎನ್ನುತ್ತದೆ.

ಆರಿಸಿ ಹಚ್ಚಿದೆ. ವಯರು ಕಿತ್ತು ಸಿಕ್ಕಿಸಿದೆ. ವೈಫೈ ಪೆಟ್ಟಿಗೆಯನ್ನು ಆರಿಸಿ ನೂರು ಎಣಿಸಿ ಹಚ್ಚಿದೆ. ಕಂಪ್ಯೂಟರಿನಿಂದ ಪ್ರಿಂಟರನ್ನು ತೆಗೆದುಹಾಕಿ ಮತ್ತೆ ಸೇರಿಸಿದೆ. ಒಂದು ತಾಸು ಸರಿಹೋಗುತ್ತದೆ, ಮರುದಿನ ಎರಡು ಗಂಟೆಗೆ ಮತ್ತೆ ಆಫ್‌ಲೈನ್. ಸಾಹೇಬರು ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ ಪೋಣಿಸಿ ಅದರ ಮುಚ್ಚಳಕ್ಕೆ ಕಟ್ಟಿಸಿದರು. ಮುಚ್ಚಳ ಸರಿಯಾಗಿ ಕೂರದೆ ಅದೊಂದು ಹೊಸ ತೊಂದರೆಯಾಯಿತು. ಮೂರು ದಿನ ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಇನ್ನೂರ ಐವತ್ತನಾಲ್ಕು ಮನೆಗಳ ಜಾಗವನ್ನು ಬಾಯಿಂದ ಓದಿದೆ. ತಡವಾಗಿ ಬಂದವರು ಮತ್ತೊಮ್ಮೆ ಓದು ಎನ್ನುತ್ತಿದ್ದರು. ಶನಿವಾರ ನನ್ನ ಗಂಟಲು ಬಿದ್ದು, ಐವತ್ತಾರನ್ನು ಅರವತ್ತಾರು ಎಂದು ಕೇಳಿಸಿಕೊಂಡ ಒಬ್ಬಾತ ಬೇರೆಯವರ ಮನೆಗೆ ಹೋಗಿ ಕೈಕಾಲು ತೊಳೆದು ಊಟಕ್ಕೆ ಕೂತುಬಿಟ್ಟಿದ್ದ.

ಸೋಮವಾರ ಎರಡೂವರೆಗೆ ಪ್ರಿಂಟರ್ ಕಂಪನಿಯವನು ಕಡೆಗೂ ಫೋನಿಗೆ ಸಿಕ್ಕ. ಹೆಸರು ಲಿಖಿತ್ ಅಂತೆ. ದೂರದ ಊರು, ಮೃದುವಾದ ಮಾತು. ಅವನು ಹೇಳಿದ ಕಡೆ ಒತ್ತುತ್ತಾ ಹೋದೆ. ಸಾಹೇಬರು ನನ್ನ ಕತ್ತಿಗೆ ಉಸಿರು ತಾಗುವ ಹಾಗೆ ಹಿಂದೆ ನಿಂತಿದ್ದರು. ಸಾವಂತ್ರೆವ್ವ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಜನ ಸೇರುತ್ತಿದ್ದರು.

“ಸರ್, ಪ್ರಾಬ್ಲಮ್ ಸಿಕ್ತು. ನಿಮ್ಮ ಪ್ರಿಂಟರ್‌ಗೆ ದಿನಾ ಅಡ್ರೆಸ್ ಬದಲಾಗ್ತಾ ಇದೆ. ಕಂಪ್ಯೂಟರ್ ಪಾಪ ನಿನ್ನೆ ಅಡ್ರೆಸ್‌ಗೆ ಹೋಗಿ ಬಾಗಿಲು ತಟ್ತಾ ಇದೆ,” ಎಂದ.

“ನಮ್ಮೂರಾಗ ಎಲ್ಲಾರದೂ ಹಂಗ ಐತಿ ಸರ್,” ಎಂದೆ.

ಅವನು ನಕ್ಕ. ನಾನು ತಮಾಷೆ ಮಾಡಿದೆ ಎಂದುಕೊಂಡಿರಬೇಕು. “ಅದಕ್ಕೊಂದು ಖಾಯಂ ಅಡ್ರೆಸ್ ಕೊಟ್ಬಿಡೋಣ ಸರ್. ಯಾರೂ ಬಳಸದೇ ಇರೋ ನಂಬರ್ ಬೇಕು. ಇನ್ನೂರರ ಮೇಲಿಂದು ಸಾಮಾನ್ಯ ಖಾಲಿ ಇರತ್ತೆ. ಟೂ ಒನ್ ಫೋರ್ ಹಾಕಿ. ಒಂದ್ಸಲ ಕರೆದು ನೋಡಿ, ರಿಪ್ಲೈ ಬರತ್ತಾ?”

ಎರಡು, ಒಂದು, ನಾಲ್ಕು. ಒತ್ತಿದೆ. ಒಂದು ಸಲ ಕೂಗಿದೆ. ಉತ್ತರ ಬರಲಿಲ್ಲ.

“ಇಲ್ಲ ಸರ್.”

“ಖಾಲಿ ಇದೆ. ಅದನ್ನೇ ಕೊಟ್ಬಿಡಿ.”

ಕೊಟ್ಟೆ. ಟೂ ಒನ್ ಫೋರ್ ಎಂದು ಕೇಳಿಸಿಕೊಂಡ ಕಿವಿಗೆ ಇನ್ನೂರ ಹದಿನಾಲ್ಕು ಎಂದು ಹೊಳೆಯಲಿಲ್ಲ. ಇಪ್ಪತ್ತು ವರ್ಷ ಬಾಯಿಂದ ಕೂಗಿದ ನಂಬರುಗಳೆಲ್ಲ ನನ್ನೊಳಗೆ ಕನ್ನಡದಲ್ಲಿ ಇವೆ. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ಬಂದ ಮೂರು ಅಂಕಿ ನನಗೆ ಬರೀ ಮೂರು ಕೀಲಿ. ಬಾಗಿಲಲ್ಲಿ ನಿಂತವಳಿಗೂ ಅದು ತನ್ನ ಮನೆ ಎಂದು ತಿಳಿಯಲಿಲ್ಲ. ಕೂಗಿದ್ದು ಒಂದೇ ಸಲ ಎಂಬುದೂ ನನಗೆ ಆಗ ಹೊಳೆಯಲಿಲ್ಲ. ಪ್ರಿಂಟರು ಒಮ್ಮೆ ಗುರ್ ಎಂದು ಎಚ್ಚರವಾಯಿತು. ಸಾಹೇಬರು ನನ್ನ ಬೆನ್ನು ತಟ್ಟಿದರು. ಸಾವಂತ್ರೆವ್ವ ಹೊಸ ಕಾಗದದ ಕಟ್ಟು ಒಡೆದು ತನ್ನ ಕೈಯಾರೆ ಅದರ ಹೊಟ್ಟೆಗೆ ತುಂಬಿದಳು.

ಮೂರಕ್ಕೆ ಕೂಗು ಹೋಯಿತು. ಇನ್ನೂರ ಹದಿನಾಲ್ಕು ಬಂದಾಗ ಕಾಯಲು ಕೈ ಕಟ್ಟಿದೆ. ಕಟ್ಟುವಷ್ಟರಲ್ಲಿ ಓ ಬಂದಾಗಿತ್ತು.

“ಅಕ್ಕಾ, ಇವತ್ತ ನಿಮ್ಮ ಯಜಮಾನ್ರು ಮೊದಲನೇ ಕೂಗಿಗೇ ಓ ಅಂದ್ರು,” ಎಂದು ನಾನೇ ಕರೆದು ಹೇಳಿದೆ.

ಅವಳ ಮುಖ ಅರಳಿತು. “ಖರೇನ ಅಂತೀರಿ? ಕೈಗೆ ಕಸುವು ಬಂದಿರಬೇಕ್ರೀ. ಹೋದ ವಾರ ಎಣ್ಣಿ ತಿಕ್ಕಿದ್ದೆ.”

ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕರ ಮುಂದೆ ಕಚೇರಿ ರಸ್ತೆ ಎಂದಿತ್ತು. ಇಷ್ಟು ಹತ್ತಿರ ಬಂತಲ್ಲ, ಪುಣ್ಯವಂತೆ ಎಂದೆವು. ಒಂಬತ್ತು ಹಲಗೆಗೂ ಪಟ್ಟಿ ಅಂಟಿಸಿ ಬಂದು ಅವಳು ಕಚೇರಿ ರಸ್ತೆಯಲ್ಲಿ ಮನೆ ಹುಡುಕಿದಳು. ಆ ರಸ್ತೆಯಲ್ಲಿ ಮನೆ ನಿಲ್ಲುವ ಜಾಗ ಎರಡೇ. ಒಂದರಲ್ಲಿ ಅಂಚೆಯವನ ಮನೆ ನಿಂತಿತ್ತು, ಇನ್ನೊಂದರಲ್ಲಿ ಹೊಲಿಗೆಯವರದು. ಕತ್ತಲಾಗುವ ತನಕ ಆ ಎರಡು ಬಾಗಿಲುಗಳ ನಡುವೆ ತಿರುಗಿ, ಕಡೆಗೆ ಕಚೇರಿಯ ಪಡಸಾಲೆಯಲ್ಲಿ ಸೆರಗು ಹಾಸಿಕೊಂಡು ಮಲಗಿದಳು. ನಾಳೆ ಎರಡಕ್ಕೆ ಹೇಗೂ ಜಾಗ ಬದಲಾಗುತ್ತದೆ ಎಂದು ನಾನು ಸಮಾಧಾನ ಹೇಳಿ ನನ್ನ ಮನೆಗೆ ಹೋದೆ.

ಮಂಗಳವಾರವೂ ಕಚೇರಿ ರಸ್ತೆ ಎಂದೇ ಬಂತು. ಓ ಬಂದದ್ದೂ ಮೊದಲ ಕೂಗಿಗೇ.

ಅವಳು ಸಾಹೇಬರ ಎದುರು ನಿಂತಳು. “ಸಾಹೇಬ್ರ, ನಮ್ಮನಿ ಕಾಣವಲ್ದ್ರೀ. ಕಳದೈತಿ ಅಂತ ಬರಕೊಳ್ರಿ.”

“ಕಳೆದ ಮನಿ ಅರ್ಜಿ ಕೊಡಬೇಕಂದ್ರ ನಂಬರು ಪಟ್ಟ್ಯಾಗ ಇರಬಾರದು, ಸಾವಂತ್ರಿ. ನಿಂದು ಐತಲ್ಲ. ಇಲ್ಲೇ, ಕಚೇರಿ ರಸ್ತೆ.” ಅವರು ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದರು.

“ರಸ್ತಾದಾಗ ಇಲ್ರೀ.”

“ಪಟ್ಟಿ ಎಂದಾರ ಸುಳ್ಳ ಹೇಳೇತೇನು? ಮತ್ತೊಮ್ಮೆ ಸರಿಯಾಗಿ ನೋಡು.”

ಅವಳು ನನ್ನ ಕಡೆ ನೋಡಿದಳು. ನಾನು ಪಟ್ಟಿಯ ಕಡೆ ನೋಡಿದೆ. ಪಟ್ಟಿ ಮಾಡುವವನು ನಾನು. ಅದು ತಪ್ಪು ಎಂದರೆ ಇಡೀ ಊರು ಇವತ್ತು ಯಾವ ನಂಬಿಕೆಯ ಮೇಲೆ ಮನೆ ಸೇರಬೇಕು? ಹೀಗೆಲ್ಲ ಯೋಚಿಸಿ ಸುಮ್ಮನಿದ್ದೆ. ಆ ಸುಮ್ಮನಿದ್ದುದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ವಾರ ಊರಿನಲ್ಲಿ ದಿನಾ ಎರಡು ಜಾಗ ಖಾಲಿ ಇದ್ದವು. ಎರಡನೆಯದು ಯಾಕೆ ಎಂದು ಯಾರೂ ಕೇಳಲಿಲ್ಲ. ಹುಡುಗರು ಎರಡು ಗುಂಪಾಗಿ ಚೆಂಡು ಆಡಿದರು.

ಇನ್ನು ಪ್ರಿಂಟರಿನ ಮಾತು. ಪಟ್ಟಿಯನ್ನೇನೋ ಮುತ್ತಿನಂಥ ಅಕ್ಷರದಲ್ಲಿ ಕೊಡುತ್ತಿತ್ತು. ಆದರೆ ಸೋಮವಾರ ಸಂಜೆಯಿಂದ ಒಂದು ಚಾಳಿ ಹತ್ತಿತು. ಯಾರೂ ಕೇಳದೆ ತಾನಾಗಿ ಗುರ್ ಎಂದು ಎದ್ದು ಒಂದು ಹಾಳೆ ಉಗುಳುತ್ತಿತ್ತು. ಹಾಳೆ ತುಂಬ ಬಿಳಿ, ಮೇಲಿನ ಮೂಲೆಯಲ್ಲಿ ‘ಓ’ ಎಂದು ಒಂದೇ ಅಕ್ಷರ. ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆದರೆ ನೆಲದ ತುಂಬ ಹಾಳೆ ಚೆಲ್ಲಿತ್ತು. ಬಿಟ್ಟು ಬಿಟ್ಟು, ಕೆಲವೊಮ್ಮೆ ಒಂದರ ಹಿಂದೆ ಒಂದರಂತೆ ನಾಲ್ಕು ಐದು, ಆಮೇಲೆ ಒಂದು ತಾಸು ಏನೂ ಇಲ್ಲ, ಮತ್ತೆ ಒಂದು. ಸಾಹೇಬರಿಗೆ ಕಾಗದ ದಂಡವಾಗುವುದನ್ನು ನೋಡಿ ಹೊಟ್ಟೆ ಉರಿಯಿತು. ನಾನು ಲಿಖಿತನಿಗೆ ಫೋನು ಹಚ್ಚಿದೆ.

“ಹಳೇ ಜಾಬ್ ಯಾವ್ದೋ ಸಿಕ್ಕಾಕೊಂಡಿದೆ ಸರ್. ಕ್ಯೂನಲ್ಲಿ ಇರೋದನ್ನೆಲ್ಲ ಕ್ಯಾನ್ಸಲ್ ಮಾಡಿ. ಬಂದಾಗೆಲ್ಲ ಕ್ಯಾನ್ಸಲ್ ಮಾಡ್ತಾ ಇರಿ, ತಾನಾಗೇ ನಿಲ್ಲತ್ತೆ.”

ಸರಿಯೆನಿಸಿತು. ಮಧ್ಯಾಹ್ನದ ಕೂಗಿನ ಎಂಜಲು ಎಲ್ಲೋ ತಂತಿಯಲ್ಲಿ ಉಳಿದಿದೆ, ಅದೇ ಹೊರಗೆ ಬರುತ್ತಿದೆ ಎಂದುಕೊಂಡೆ. ಹಾಳೆ ಹೊರಡುವ ಸದ್ದು ಬಂದ ಕೂಡಲೇ ಕ್ಯಾನ್ಸಲ್ ಒತ್ತುತ್ತಿದ್ದೆ. ಕೆಲವು ಅರ್ಧಕ್ಕೆ ನಿಲ್ಲುತ್ತಿದ್ದವು. ಹೊರಗೆ ಬಿದ್ದವುಗಳನ್ನು ಸಾವಂತ್ರೆವ್ವ ಆಯ್ದು ಜೋಡಿಸುತ್ತಿದ್ದಳು. ಕೆಲವನ್ನು ನಾನು ನಾಲ್ಕು ತುಂಡು ಮಾಡಿ ಪಿನ್ನು ಹೊಡೆದು ಚೀಟಿ ಬರೆಯಲು ಇಟ್ಟುಕೊಂಡೆ. ಕೆಲವನ್ನು ಅವಳು ರೊಟ್ಟಿ ಕಟ್ಟಲು ಒಯ್ದಳು.

ಆ ರೊಟ್ಟಿ ಗಂಡನಿಗೆ. ಬುಧವಾರದಿಂದ ಅವಳು ಪಟ್ಟಿಯನ್ನು ನಂಬುವುದು ಬಿಟ್ಟು ಊರಿನ ಎಲ್ಲ ಓಣಿಗಳನ್ನೂ ತಿರುಗತೊಡಗಿದ್ದಳು. ಬೆಳಿಗ್ಗೆ ಯಾರದೋ ಮನೆಯ ಒಲೆಯಲ್ಲಿ ಎರಡು ರೊಟ್ಟಿ ತಟ್ಟಿ, ಹಾಳೆಯಲ್ಲಿ ಸುತ್ತಿ ಉಡಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮನೆ ಸಿಕ್ಕರೆ ಕೂಡಲೇ ತಿನ್ನಿಸಬಹುದು ಎಂದು. ಕೆಲಸದ ನಡುವೆ, ಹಲಗೆಯಿಂದ ಹಲಗೆಗೆ ಹೋಗುವಾಗ, ಎರಡು ಗಂಟೆಗೆ ಮನೆಗಳು ಜಾಗ ಬದಲಿಸಿದ ಕೂಡಲೇ, ಪ್ರತಿ ಬಾಗಿಲ ನಂಬರು ನೋಡುತ್ತ ನಡೆಯುತ್ತಿದ್ದಳು. ಸಂಜೆ ಆ ರೊಟ್ಟಿಯನ್ನು ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಬಿಚ್ಚಿ ನೋಡಿ, ನಾಯಿಗೆ ಹಾಕಿ, ಹಾಳೆಯನ್ನು ಮಡಿಸಿ ಇಡುತ್ತಿದ್ದಳು.

“ಓ ಅಂತಾರಲ್ರೀ, ಅದಾರ. ಆರಾಮ ಅದಾರ. ನನಗ ಮನಿ ಅಷ್ಟ ಸಿಗವಲ್ದು,” ಎಂದು ನನಗೆ ಹೇಳುತ್ತಿದ್ದಳು. ಧೈರ್ಯ ಹೇಳಬೇಕಾದವನು ನಾನು, ಹೇಳುತ್ತಿದ್ದವಳು ಅವಳು. “ನೀರು ಒಂದು ತಂಬಿಗಿ ಇಟ್ಟು ಬಂದೀನಿ. ಬಗಲಾಗ ಕೊಡ ಐತಿ, ಕೈ ನಿಲುಕತೈತೋ ಇಲ್ಲೋ. ಆದರ ಮೊದಲನೇ ಕೂಗಿಗೆ ಓ ಅನ್ನೋ ಕೈ ಕೊಡಕ್ಕ ನಿಲುಕಂಗಿಲ್ಲೇನ್ರೀ?”

“ನಿಲುಕತೈತಿ ಅಕ್ಕಾ,” ಎಂದೆ.

ಗುರುವಾರ ಹಾಳೆಗಳು ಕಡಿಮೆಯಾದವು. ಇಡೀ ದಿನಕ್ಕೆ ಎಂಟೋ ಒಂಬತ್ತೋ. ಶುಕ್ರವಾರ ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಒಂದು ಬಂತು. ಆಮೇಲೆ ಬರಲಿಲ್ಲ. ಹನ್ನೆರಡಾಯಿತು, ಮೂರಾಯಿತು, ಪಟ್ಟಿ ಮಾತ್ರ ಬಂತು. ಸಾಹೇಬರು ಪೇಡೆ ತರಿಸಿದರು. “ಅಂತೂ ಹಾದಿಗೆ ಬಂತು ನೋಡು. ಹಟಾ ಹಿಡದು ಕ್ಯಾನ್ಸಲ್ ಮಾಡಿದಿ, ರುದ್ರಪ್ಪ,” ಎಂದು ನನ್ನ ಬಾಯಿಗೆ ಒಂದು ಪೇಡೆ ಹಾಕಿದರು. ಸಾವಂತ್ರೆವ್ವ ತನ್ನ ಪಾಲಿನದನ್ನು ರೊಟ್ಟಿಯ ಜೊತೆಗೆ ಹಾಳೆಯಲ್ಲಿ ಸುತ್ತಿಕೊಂಡಳು. ಅವನಿಗೆ ಸಿಹಿ ಎಂದರೆ ಪ್ರಾಣ ಅಂತೆ.

ಪಟ್ಟಿ ಅಂಟಿಸಿ ಬಂದ ಮೇಲೆ ಅವಳು ನನ್ನ ಮೇಜಿನ ಪಕ್ಕ ಬಂದು ನಿಂತಳು. ಸಾಹೇಬರು ಹೋಗಿದ್ದರು. ಐದು ದಿನ ತಿರುಗಿದ ಕಾಲು ಊದಿಕೊಂಡು ಚಪ್ಪಲಿ ಕೈಯಲ್ಲಿತ್ತು.

“ರುದ್ರಣ್ಣಾರ, ಪಟ್ಟಿ ಬ್ಯಾಡ್ರಿ. ನೀವ ಒಮ್ಮೆ ನಮ್ಮ ನಂಬರ್ ಅಷ್ಟ ಕೂಗ್ರಿ. ನನ್ನ ಎದುರಿಗೆ. ಅವರು ಓ ಅನ್ನೂದು ಒಮ್ಮೆ ಕಣ್ಣಿಲೆ ನೋಡತೀನಿ.”

ಕೂಗಿನ ಹೊತ್ತು ಮೀರಿತ್ತು. ಆದರೂ ಆಗಲಿ ಎಂದೆ. ಅವಳಿಗೆ ಕೇಳಿಸಲಿ ಎಂದು ಬಾಯಿಯಿಂದ ಇನ್ನೂರ ಹದಿನಾಲ್ಕು ಎಂದು ಹೇಳುತ್ತಾ ಒಂದೊಂದೇ ಕೀಲಿ ಒತ್ತಿದೆ. ಎರಡು. ಒಂದು. ನಾಲ್ಕು. ಬೆರಳಿಗೆ ಮೊದಲು ತಿಳಿಯಿತು, ಆಮೇಲೆ ನನಗೆ. ಇದೇ ಮೂರು ಕೀಲಿಗಳನ್ನು ಸೋಮವಾರ ಇದೇ ಕುರ್ಚಿಯಲ್ಲಿ ಕೂತು ಒತ್ತಿದ್ದೆ. ಕೂಗು ಹೋಯಿತು. ಮೂಲೆಯಲ್ಲಿ ಪ್ರಿಂಟರಿನ ಹಸಿರು ದೀಪ ಒಮ್ಮೆ ಮಿಟುಕಿ, ನಂಬರಿನ ಎದುರು ಓ ಮೂಡಿತು.

“ಅಂದ್ರು ನೋಡ್ರಿ,” ಎಂದಳು ಸಾವಂತ್ರೆವ್ವ.

 ಊರಿಗೆ ಇರುವ ನಂಬರುಗಳೇ ಇನ್ನೂರ ಐವತ್ತನಾಲ್ಕು, ಸೋಮವಾರ ಅವುಗಳಲ್ಲಿ ಯಾವುದೂ ಖಾಲಿ ಇರಲಿಲ್ಲ ಎಂಬುದು ಆಗ ನನಗೆ ನೆನಪಾಯಿತು. ಕಡೆಯ ಖಾಲಿ ನಂಬರನ್ನು ಪ್ರಿಂಟರು ಕೆಟ್ಟ ಆ ಗುರುವಾರವೇ ಹೊಸ ಮದುಮಕ್ಕಳಿಗೆ ಬರೆದುಕೊಟ್ಟವನು ನಾನು. ಅದಕ್ಕೂ ಮೊದಲಿನ ಒಂದು ತಿಂಗಳು ಪ್ರಿಂಟರು ಬಳಸುತ್ತಿದ್ದದ್ದು ಅದನ್ನೇ. ಒಂದು ನಂಬರಿನಲ್ಲಿ ಇಬ್ಬರು ನಿಲ್ಲಲಾಗುವುದಿಲ್ಲ. ಕಸುವಿದ್ದದ್ದು ನಿಂತಿತು, ಇನ್ನೊಂದು ಹೊರಗೆ ಉಳಿಯಿತು. ಹೊರಗೆ ಎಂದರೆ ಎಲ್ಲಿ ಎಂದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿಂದ ಅವನು ಗುಂಡಿ ಒತ್ತಿದ್ದಾನೆ. ಗಂಟೆ ಬಾರಿಸದಿದ್ದರೂ, ಯಾರೂ ಕೂಗದಿದ್ದರೂ, ಹಗಲೂ ರಾತ್ರಿ ಓ ಅಂದಿದ್ದಾನೆ. ಅವನ ನಂಬರಿನಲ್ಲಿ ಕೂತಿದ್ದ ಪ್ರಿಂಟರು ಅದನ್ನು ಹಾಳೆಗೆ ಹಾಕಿ ನಮ್ಮ ಕಾಲ ಬುಡಕ್ಕೆ ಚೆಲ್ಲಿದೆ. ನಾನು ಅದನ್ನು ಕ್ಯಾನ್ಸಲ್ ಮಾಡಿದ್ದೇನೆ.

ಅವಳಿಗೆ ಎಲ್ಲವನ್ನೂ ಹೇಳಿದೆ.  ಅವಳು ಉಡಿಯಿಂದ ರೊಟ್ಟಿಯ ಗಂಟು ತೆಗೆದು, ಹಾಳೆ ಬಿಚ್ಚಿ, ಮೂಲೆಯ ಅಕ್ಷರವನ್ನು ನೋಡಿದಳು. ಎಣ್ಣೆ ಹತ್ತಿ ಅದರ ಸುತ್ತ ಕಾಗದ ತೆಳ್ಳಗಾಗಿತ್ತು.

“ಈಗ ಕೂಗ್ರಿ,” ಎಂದಳು.

ಪ್ರಿಂಟರಿನ ನಂಬರು ಅಳಿಸಿದೆ. ವಯರು ಕಿತ್ತು ಹೊರಗೆ ಎಸೆದೆ. ಇನ್ನೂರ ಹದಿನಾಲ್ಕನ್ನು ಕೂಗಿದೆ. ಒಂದು. ಎರಡು. ಮೂರು. ಕೈ ಕಟ್ಟಿ ಕಾದೆ. ಅವನು ತಡ ಮಾಡುತ್ತಾನೆ, ಗೊತ್ತಿದೆ. ಮತ್ತೆ ಮೂರು ಸಲ ಕೂಗಿದೆ. ದೀಪ ಹಚ್ಚುವ ಹೊತ್ತಾಯಿತು. ಅವಳು ನೆಲದ ಮೇಲೆ ಕೂತು ಪರದೆಯನ್ನೇ ನೋಡುತ್ತಿದ್ದಳು. ನಂಬರಿನ ಎದುರು ಏನೂ ಮೂಡಲಿಲ್ಲ.

ಶನಿವಾರ ಎರಡು ಗಂಟೆಗೆ ಮನೆ ಬಂತು. ಮೂರಕ್ಕೆ ಕೂಗಿದಾಗ ಉಳಿದ ಎಲ್ಲ ಮನೆಗಳೂ ಓ ಅಂದವು. ಪಟ್ಟಿಯಲ್ಲಿ ಉಳಿದ ಜಾಗ ಎರಡು. ಒಂದರಲ್ಲಿ ಹುಡುಗರು ಚೆಂಡು ಆಡುತ್ತಿದ್ದರು. ಇನ್ನೊಂದು ಬಸ್ ನಿಲ್ದಾಣದ ಹಿಂದಿನದು. ನಾನು, ಸಾಹೇಬರು, ಸಾವಂತ್ರೆವ್ವ ಮೂವರೂ ಹೋದೆವು. ಇನ್ನೂರ ಹದಿನಾಲ್ಕು ಎಂದು ಬಾಗಿಲ ಮೇಲೆ ಬಣ್ಣದಲ್ಲಿ ಬರೆದದ್ದು ಹಾಗೇ ಇತ್ತು. ಅವಳೇ ಬಾಗಿಲು ತಳ್ಳಿದಳು.

ಚನ್ನಯ್ಯ ಮಂಚದಿಂದ ಅರ್ಧ ಕೆಳಗೆ ಜಾರಿ ಗೋಡೆಗೆ ಒರಗಿದ್ದ. ತಂಬಿಗೆ ಖಾಲಿಯಾಗಿತ್ತು. ಕೊಡದ ತನಕ ಅವನ ಕೈ ನಿಲುಕಿರಲಿಲ್ಲ. ಎಡಗೈಯ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಗುಂಡಿಯ ಕೆಂಪು ಬಣ್ಣ ಉಜ್ಜಿ ಹೋಗಿ ಒಳಗಿನ ಬಿಳಿ ಕಾಣುತ್ತಿತ್ತು. ಸಾಹೇಬರು ಟೋಪಿ ತೆಗೆದು ಹೊರಗೆ ಹೋಗಿ ನಿಂತರು. ಸಾವಂತ್ರೆವ್ವ ಅಳಲಿಲ್ಲ. ಅವನ ಬೆರಳನ್ನು ಗುಂಡಿಯಿಂದ ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡು, “ಸಾಕ್ರೀ, ಕೇಳಿಸಿತು,” ಎಂದಳು.

ಮಣ್ಣು ಮಾಡಿ ಬಂದ ಮೇಲೆ ನಾನು ಕಚೇರಿಯಲ್ಲಿ ಹಾಳೆಗಳನ್ನು ಹುಡುಕಿದೆ. ಚೀಟಿಗಾಗಿ ಕತ್ತರಿಸಿದ್ದವನ್ನು ಜೋಡಿಸಿದೆ. ರದ್ದಿಯ ಬುಟ್ಟಿಯಲ್ಲಿ ಇದ್ದವನ್ನು ಬಿಡಿಸಿ ನೀಟು ಮಾಡಿದೆ. ನೂರಾ ಮೂವತ್ತೆರಡು ಸಿಕ್ಕವು. ಕ್ಯಾನ್ಸಲ್ ಮಾಡಿದವು ಎಷ್ಟೋ, ಅವುಗಳಿಗೆ ಲೆಕ್ಕವಿಲ್ಲ. ಕಟ್ಟು ಕಟ್ಟಿ ಅವಳಿಗೆ ಕೊಟ್ಟೆ. ಅವಳು ತೆಗೆದುಕೊಂಡಳು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಂದು ಹೊತ್ತಿನ ಊಟವಾದರೂ ನನಗೆ ರುಚಿಸುತ್ತಿತ್ತು.

ಪ್ರಿಂಟರು ಮತ್ತೆ ವಿಳಾಸವಿಲ್ಲದೆ ಮೂಲೆಯಲ್ಲಿ ಕೂತಿತು. ನಾನು ಮತ್ತೆ ಮೆಟ್ಟಿಲ ಮೇಲೆ ನಿಂತು ಬಾಯಿಂದ ಪಟ್ಟಿ ಓದತೊಡಗಿದೆ. ನಂಬರುಗಳೆಲ್ಲ ಊರಿಗೆ ಹಂಚಿ ಮುಗಿದಿದ್ದವು. ಯಂತ್ರಕ್ಕೆ ತನ್ನ ನಂಬರು ಬಿಟ್ಟುಕೊಡಿ ಎಂದು ಯಾರನ್ನು ಕೇಳುವುದು? ಹನ್ನೊಂದನೆಯ ದಿನ ಸಾವಂತ್ರೆವ್ವ ಕೆಲಸಕ್ಕೆ ಬಂದಳು. ಕಸ ಹೊಡೆದು, ಚಹಾ ತಂದಿಟ್ಟು, ಸಾಹೇಬರ ಎದುರು ನಿಂತಳು.

“ಸಾಹೇಬ್ರ, ನಮ್ಮ ನಂಬರ್ ಅದಕ್ಕ ಕೊಟ್ಟುಬಿಡ್ರಿ.”

“ಹುಚ್ಚೀನ ನೀ? ನಂಬರ್ ಹೋದರ ಮನೀನೂ ಹೋಗತೈತಿ,” ಎಂದರು ಸಾಹೇಬರು.

“ಇದ್ದೇನ್ ಮಾಡೂದೈತ್ರಿ? ನಾ ಇಲ್ಲಿ ಬಂದರ ಅಲ್ಲಿ ಓ ಅನ್ನವರಿಲ್ಲ. ಅಲ್ಲಿ ಕುಂತರ ಹೊಟ್ಟಿಗಿಲ್ಲ. ದಿನಾ ಸಂಜಿಕೆ ಉತ್ತರ ಇಲ್ಲದ ಮನಿ ಹುಡುಕೋದು ನನ್ನಿಂದ ಆಗಂಗಿಲ್ರೀ.” ಆಮೇಲೆ ನನ್ನ ಕಡೆ ತಿರುಗಿದಳು. “ನೀವ ಹಾಕ್ರಿ, ರುದ್ರಣ್ಣಾರ. ಗೊತ್ತಲ್ಲ ನಿಮಗ.”

ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಹೊರಗೆ ಜನ ಪಟ್ಟಿಗಾಗಿ ಸೇರುತ್ತಿದ್ದರು. ನಾನು ಕುರ್ಚಿಯಲ್ಲಿ ಕೂತು ಎರಡು, ಒಂದು, ನಾಲ್ಕು ಒತ್ತಿದೆ. ಈ ಸಲ ಕನ್ನಡದಲ್ಲಿ, ತಿಳಿದೇ ಒತ್ತಿದೆ. ಅವಳು ಮೊದಲೇ ಹೊರಗೆ ತಂದಿಟ್ಟಿದ್ದು ಒಂದು ಕೊಡ, ಒಂದು ಹಾಸಿಗೆ, ಕಂಡಕ್ಟರನ ಸೀಟಿ, ಹಾಳೆಗಳ ಕಟ್ಟು. ಮರುದಿನ ಎರಡಕ್ಕೆ ಮನೆ ಹೋಯಿತು. ಮತ್ತೆ ಬರಲಿಲ್ಲ. ಊರಿನಲ್ಲಿ ಈಗ ದಿನಾ ಎರಡು ಜಾಗ ಖಾಲಿ.

ಸಾವಂತ್ರೆವ್ವ ಕಚೇರಿಯ ಪಡಸಾಲೆಯಲ್ಲೇ ಇರುತ್ತಾಳೆ. ಪ್ರಿಂಟರು ಒಂದು ದಿನವೂ ಕೆಟ್ಟಿಲ್ಲ. ಮಧ್ಯಾಹ್ನ ಮೂರಕ್ಕೆ ನಾನು ಒಂದರಿಂದ ಕೂಗುತ್ತಾ ಬರುತ್ತೇನೆ, ಊರು ಎಂದಿನಂತೆ ಮೂರನೆಯ ಕೂಗಿಗೆ ಓ ಅನ್ನುತ್ತದೆ. ಇನ್ನೂರ ಹದಿನಾಲ್ಕು ಬಂದಾಗ ಅವಳು ಕಸಬರಿಗೆ ಹಿಡಿದ ಕೈಯನ್ನು ನಿಲ್ಲಿಸುತ್ತಾಳೆ. ನಾನು ಕೈ ಕಟ್ಟಿ ಕಾಯಲು ಸಿದ್ಧನಾಗುತ್ತೇನೆ. ಅದು ಮೊದಲನೆಯ ಕೂಗಿಗೇ ಓ ಅನ್ನುತ್ತದೆ.